ಚಳಿಯಿದೆ ಎಂದು ಹಾಲು ಹೊರಗಿಡಬೇಡಿ: ಕೊಡಗಿನ ಮನೆಗಳಿಗೆ ಹಾಲು ಕೆಡದಂತೆ ಇಡುವ ಕ್ರಮ

ಜುಲೈ ತಿಂಗಳ ಬೆಳಗ್ಗೆ ಮಡಿಕೇರಿಯಲ್ಲಿ ಅಡುಗೆಮನೆಯ ಕಟ್ಟೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಇಷ್ಟು ಥಂಡಿಯಲ್ಲಿ ಹಾಲಿಗೇನಾಗುತ್ತದೆ ಎಂದು ಕಾಯಿಸಿದ ಪಾತ್ರೆಯನ್ನು ಒಲೆಯ ಪಕ್ಕದಲ್ಲೇ ಬಿಟ್ಟಿರುತ್ತಾರೆ. ಸಂಜೆ ಕಾಫಿಗೆಂದು ಮತ್ತೆ ಬಿಸಿಗಿಟ್ಟರೆ ಹಾಲು ನೀರು ಬೇರೆ, ಗಟ್ಟಿ ಬೇರೆ. ಬೈಗುಳ ಹಾಲು ಕೊಟ್ಟವರಿಗೆ.

ನಮ್ಮ ಮೈಗೆ ಚಳಿ ಅನ್ನಿಸುವ 18–20 ಡಿಗ್ರಿ ಬ್ಯಾಕ್ಟೀರಿಯಾಗಳಿಗೆ ಹಿತವಾದ ಹವೆಯೇ. ಹಾಲು ಉಳಿಯಬೇಕಾದದ್ದು 4 ಡಿಗ್ರಿಯಲ್ಲಿ. ಈ ಎರಡರ ನಡುವಿನ ಹದಿನೈದು ಡಿಗ್ರಿಯ ಅಂತರವನ್ನು ಕೊಡಗಿನ ಹವೆ ತುಂಬಿಕೊಡುವುದಿಲ್ಲ. ಕುಶಾಲನಗರದ ಏಪ್ರಿಲ್ ಬಿಸಿಲಿನಲ್ಲಿ ಹಾಲು ಮಧ್ಯಾಹ್ನಕ್ಕೇ ಕೆಟ್ಟು ಎಚ್ಚರಿಸುತ್ತದೆ. ಮಡಿಕೇರಿ, ಸೋಮವಾರಪೇಟೆ ಕಡೆಯ ಮಳೆಗಾಲದಲ್ಲಿ ತಡವಾಗಿ, ಸದ್ದಿಲ್ಲದೆ ಕೆಡುತ್ತದೆ. ವ್ಯತ್ಯಾಸ ಅಷ್ಟೇ.

ಹಾಲಿನೊಳಗೆ ನಡೆಯುವುದು

ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು, ನಾಲ್ಕೂವರೆಯಿಂದ ಐದು ಭಾಗ ಲ್ಯಾಕ್ಟೋಸ್ ಎಂಬ ಸಕ್ಕರೆ, ಮೂರು ಚಿಲ್ಲರೆ ಭಾಗ ಪ್ರೋಟೀನು, ಉಳಿದದ್ದು ಕೊಬ್ಬು ಮತ್ತು ಲವಣ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ. ತಾಜಾ ಹಾಲಿನ ಪಿಎಚ್ 6.6ರಿಂದ 6.8. ಹುಳಿ ಏರಿದಂತೆ ಈ ಅಂಕಿ ಇಳಿಯುತ್ತದೆ. 4.6ಕ್ಕೆ ಬಂದರೆ ಬೆಂಕಿ ತೋರಿಸದೆಯೇ ಹಾಲು ಮೊಸರಿನಂತೆ ಗಟ್ಟಿಯಾಗುತ್ತದೆ. ಆದರೆ ಕಾಯಿಸುವಾಗ ಒಡೆಯಲು ಅಷ್ಟು ದೂರ ಹೋಗಬೇಕಿಲ್ಲ, ಆರರ ಆಸುಪಾಸಿಗೆ ಬಂದಿದ್ದರೆ ಸಾಕು. ಪಾತ್ರೆಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ, ನಾಲಿಗೆಗೂ ಹುಳಿ ಗೊತ್ತಾಗದ ಹಾಲು ಒಲೆಗಿಟ್ಟ ಕೂಡಲೇ ಒಡೆಯುವುದು ಇದೇ ಕಾರಣಕ್ಕೆ. ಬೆಂಕಿ ಹಾಲನ್ನು ಕೆಡಿಸಲಿಲ್ಲ, ಕೆಟ್ಟದ್ದನ್ನು ತೋರಿಸಿಕೊಟ್ಟಿತು.

ಲೆಕ್ಕ ಹೀಗಿದೆ: ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಎರಡರಷ್ಟಾದರೆ ಐದು ಗಂಟೆಯಲ್ಲಿ ಒಂದಿದ್ದದ್ದು ಸಾವಿರದ ಇಪ್ಪತ್ತನಾಲ್ಕು ಆಗುತ್ತದೆ. ಹಾಗಾಗಿ ಎರಡು ವಿಷಯ ಮುಖ್ಯ: ಶುರುವಿಗೆ ಎಷ್ಟಿದ್ದವು, ಮತ್ತು ಹಾಲು ಒಟ್ಟು ಎಷ್ಟು ಗಂಟೆ ಬೆಚ್ಚಗಿತ್ತು. ಬೆಳಗ್ಗೆ ಅಂಗಡಿಯ ಜಗಲಿಯಲ್ಲಿ ಕಳೆದ ಒಂದು ಗಂಟೆ, ಜೀಪಿನಲ್ಲಿ ಮುಕ್ಕಾಲು ಗಂಟೆ, ಟೇಬಲ್ ಮೇಲೆ ಒಂದು ಗಂಟೆ ಎಲ್ಲವೂ ಒಂದೇ ಖಾತೆಗೆ ಸೇರುತ್ತವೆ. ಫ್ರಿಜ್ಜಿಗೆ ಇಟ್ಟಾಗ ಆ ಖಾತೆ ನಿಧಾನವಾಗುತ್ತದೆಯೇ ಹೊರತು ಸೊನ್ನೆಗೆ ಬರುವುದಿಲ್ಲ.

ಹುಳಿಯಾಗದೆ ಕೆಡುವ ಹಾಲೂ ಇದೆ. ಕುದಿಸಿದರೂ ಸಾಯದ ಬೀಜಕಣಗಳು ಕೆಲವು ಬ್ಯಾಕ್ಟೀರಿಯಾಗಳಿಗಿವೆ. ಮಣ್ಣಿನಿಂದ, ಸಗಣಿಯಿಂದ, ಒಣಮೇವಿನ ಧೂಳಿನಿಂದ ಹಾಲಿಗೆ ಬರುತ್ತವೆ. ಕಾಯಿಸಿದಾಗ ಉಳಿದವೆಲ್ಲ ಸತ್ತು ಇವಕ್ಕೆ ಪೈಪೋಟಿಯೇ ಇರುವುದಿಲ್ಲ. ಹಾಲು ನಿಧಾನಕ್ಕೆ ಆರುವಾಗ ಮೊಳೆತು, ಹುಳಿ ಇಲ್ಲದೆಯೇ ಹಾಲನ್ನು ಕಹಿ ಮಾಡುತ್ತವೆ, ಇಲ್ಲವೇ ಸಡಿಲವಾಗಿ ಹೆಪ್ಪುಗಟ್ಟಿಸುತ್ತವೆ. ಇನ್ನೊಂದು ಗುಂಪು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವಂಥದ್ದು. ಇವು ಪ್ರೋಟೀನು, ಕೊಬ್ಬನ್ನು ಒಡೆಯುವುದರಿಂದ ನಾಲ್ಕೈದು ದಿನದ ಹಾಲಿಗೆ ಕಹಿ ಅಥವಾ ಸೋಪಿನಂಥ ರುಚಿ ಬರುತ್ತದೆ. ಕಾಯಿಸಿದರೆ ಇವು ಸಾಯುತ್ತವೆ, ಆದರೆ ಬಿಟ್ಟುಹೋದ ಕಿಣ್ವಗಳಲ್ಲಿ ಕೆಲವು ಕಾಯಿಸಿದ ಮೇಲೂ ಕೆಲಸ ಮಾಡುತ್ತಲೇ ಇರುತ್ತವೆ.

ಮಡಿಕೇರಿಯಂಥ ಎತ್ತರದಲ್ಲಿ ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಹಾಗಾಗಿ ಹಾಲು ಸರಿಯಾಗಿ ಕಾಯುವುದಿಲ್ಲವೇನೋ ಎಂಬ ಅನುಮಾನ ಕೆಲವರಿಗಿದೆ. ಚಿಂತೆ ಬೇಡ. ಡೇರಿಯಲ್ಲಿ ಪಾಶ್ಚರೀಕರಣಕ್ಕೆ, ಅಂದರೆ ರೋಗ ತರುವ ಬ್ಯಾಕ್ಟೀರಿಯಾ ಸಾಯುವಂತೆ ಕಾಯಿಸುವುದಕ್ಕೆ, 72 ಡಿಗ್ರಿಯಲ್ಲಿ 15 ಸೆಕೆಂಡ್, ಅಥವಾ 63 ಡಿಗ್ರಿಯಲ್ಲಿ 30 ನಿಮಿಷ ಸಾಕು. 96ಕ್ಕೆ ಸಾಯದ ಬೀಜಕಣಗಳು 100ಕ್ಕೂ ಸಾಯುವುದಿಲ್ಲ.

ಕೊಟ್ಟಿಗೆಯಲ್ಲಿ

ಮನೆಯಲ್ಲೇ ಹಸು ಇರುವವರು ಮೊದಲು ನೋಡಬೇಕಾದದ್ದು ಶುರುವಿನ ಲೆಕ್ಕ. ಕರೆಯುವ ಮುನ್ನ ಕೆಚ್ಚಲನ್ನು ಉಗುರುಬೆಚ್ಚನೆ ನೀರಿನಲ್ಲಿ ತೊಳೆದು, ಒಣಗಿದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ತೊಳೆದು ಒರೆಸದೆ ಬಿಡುವುದಕ್ಕಿಂತ ತೊಳೆಯದಿರುವುದೇ ವಾಸಿ, ಯಾಕೆಂದರೆ ಕೊಳೆನೀರು ತೊಟ್ಟಿನ ತುದಿಯಿಂದ ನೇರ ಬಕೆಟ್ಟಿಗೆ ಇಳಿಯುತ್ತದೆ. ಪ್ರತಿ ತೊಟ್ಟಿನ ಮೊದಲ ಎರಡು ಮೂರು ಧಾರೆಯನ್ನು ಬೇರೆ ಲೋಟಕ್ಕೆ ಹಿಂಡಿ ಚೆಲ್ಲಿ. ಆ ಲೋಟಕ್ಕೆ ಕಪ್ಪು ಬಟ್ಟೆ ಕಟ್ಟಿದ್ದರೆ ಗರಣೆ, ಎಳೆ, ರಕ್ತದ ಗುರುತು ಕೂಡಲೇ ಕಾಣುತ್ತದೆ. ಅದು ಕೆಚ್ಚಲು ಬಾವಿನ ಲಕ್ಷಣ. ಅಂಥ ಹಾಲನ್ನು ಉಳಿದದ್ದಕ್ಕೆ ಬೆರೆಸಬಾರದು. ಹಸುವಿಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಡಾಕ್ಟರು ಹೇಳಿದಷ್ಟು ದಿನ ಹಾಲನ್ನು ಡೇರಿಗೂ ಹಾಕಬಾರದು, ಮನೆಗೂ ಬಳಸಬಾರದು. ಅದರಲ್ಲಿ ಹೆಪ್ಪೂ ಸರಿಯಾಗಿ ಕೂರುವುದಿಲ್ಲ.

ಮಳೆಗಾಲದಲ್ಲಿ ಇಲ್ಲಿ ಬೇರೆ ಕಡೆ ಇಲ್ಲದ ಒಂದು ತೊಡಕಿದೆ: ಸೋಸುವ ಬಟ್ಟೆ ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲೆ ಮೂರು ದಿನ ನೇತಾಡಿ ಮುಗ್ಗು ವಾಸನೆ ಹಿಡಿದ ಬಟ್ಟೆಯಲ್ಲೇ ಹಾಲು ಸೋಸುತ್ತಾರೆ. ಬೆರಳಿಗೆ ಸಿಕ್ಕರೆ ಅದು ಸ್ವಲ್ಪ ಜಾರುತ್ತದೆ, ಆ ಜಾರುವ ಪದರವೇ ಬ್ಯಾಕ್ಟೀರಿಯಾ. ನಾಲ್ಕು ಬಟ್ಟೆ ಇಟ್ಟುಕೊಳ್ಳಿ. ಬಳಸಿದ್ದನ್ನು ತಣ್ಣೀರಿನಲ್ಲಿ ಜಾಲಿಸಿ, ಐದು ನಿಮಿಷ ನೀರಿನಲ್ಲಿ ಕುದಿಸಿ, ಒಲೆಯ ಮೇಲಿನ ಬಿಸಿಗೆ ಒಣಹಾಕಿ. ಅದೂ ಆಗದಿದ್ದರೆ ಸ್ಟೀಲಿನ ಸಣ್ಣ ಕಣ್ಣಿನ ಜರಡಿಯೇ ಒಳ್ಳೆಯದು, ಕುದಿನೀರು ಸುರಿದರೆ ಮುಗಿಯಿತು.

ಕರೆದ ಹಾಲಿಗೆ ಹುಟ್ಟಿನಿಂದಲೇ ಬಂದ ಒಂದಷ್ಟು ರಕ್ಷಣೆಯಿದೆ, ಆದರೆ ಅದು ಹೆಚ್ಚು ಹೊತ್ತು ಬರುವುದಿಲ್ಲ. ಎರಡು ಗಂಟೆಯೊಳಗೆ ಹಾಲನ್ನು ಡೇರಿಗೆ ಮುಟ್ಟಿಸಬೇಕು, ಇಲ್ಲವೇ ಕಾಯಿಸಬೇಕು, ಇಲ್ಲವೇ ತಂಪು ಮಾಡಬೇಕು. ಸಂಜೆಯ ಹಾಲಿಗೆ ಬೆಳಗಿನ ಬೆಚ್ಚನೆ ಹಾಲು ಸುರಿದು ಒಟ್ಟಿಗೆ ಡೇರಿಗೆ ಒಯ್ದರೆ ಎರಡೂ ಹೋಗುತ್ತವೆ. ಹಾಲಿನ ಸಂಘಗಳ ಶೀತಲೀಕರಣ ಟ್ಯಾಂಕು ಮಾಡುವುದೂ ಇಷ್ಟೇ, ಬಂದ ಹಾಲನ್ನು ಬೇಗ 4 ಡಿಗ್ರಿಗೆ ಇಳಿಸುವುದು. (ಕರ್ನಾಟಕದ ಮೊದಲ ಡೇರಿ ಶುರುವಾದದ್ದು ನಮ್ಮ ಕೂಡಿಗೆಯಲ್ಲೇ, 1955ರಲ್ಲಿ.)

ಪ್ಯಾಕೆಟ್ ಹಾಲು ತರುವಾಗ

ನಂದಿನಿ ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಅಂದರೆ 3 ಭಾಗ ಕೊಬ್ಬು, 8.5 ಭಾಗ ಇತರ ಘನಾಂಶ. ಕೊಬ್ಬು ಹೆಚ್ಚಿದ್ದರೆ ಹಾಲು ಹೆಚ್ಚು ಬಾಳುತ್ತದೆ ಎಂಬುದು ತಪ್ಪು ತಿಳಿವಳಿಕೆ, ಬಾಳಿಕೆ ತಂಪಿನ ಮೇಲಿದೆ. ಅಂಗಡಿಯಲ್ಲಿ ಕ್ರೇಟ್‌ನ ಮೇಲಿನ ಸಾಲಿನ ಪ್ಯಾಕೆಟ್ ಬಿಟ್ಟು ಫ್ರಿಜ್ಜಿನೊಳಗಿನದನ್ನು ಕೇಳಿ. ಮುಟ್ಟಿದರೆ ತಣ್ಣಗಿರಬೇಕು. ಉಬ್ಬಿದ ಪ್ಯಾಕೆಟ್ ಬೇಡವೇ ಬೇಡ, ಒಳಗೆ ಗ್ಯಾಸ್ ಹುಟ್ಟಿದೆ ಎಂದರ್ಥ. ಬಿಸಿಲು ಬಿದ್ದ ಜಗಲಿಯಲ್ಲಿದ್ದ ಹಾಲಿಗೆ ಬೆಳಕಿನಿಂದಲೇ ಒಂದು ಕಾಗದದಂಥ ರುಚಿ ಬರುತ್ತದೆ.

ತೋಟದ ಮನೆಯಿಂದ ಪೇಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಇದ್ದರೆ ಹಾಲನ್ನು ಕೊನೆಯ ಖರೀದಿಯಾಗಿಡಿ. ಸಂತೆ, ಬ್ಯಾಂಕು, ಗೊಬ್ಬರದ ಅಂಗಡಿ ಎಲ್ಲ ಮುಗಿದ ಮೇಲೆ ಹಾಲು. ಎರಡು ಲೀಟರಿಗಿಂತ ಹೆಚ್ಚಿದ್ದರೆ ಪ್ಯಾಕೆಟ್‌ಗಳನ್ನು ಒಂದಕ್ಕೊಂದು ಒತ್ತಿ, ಮೇಲೆ ನಾಲ್ಕು ಪದರ ಹಳೆ ಪೇಪರ್ ಸುತ್ತಿ ಚೀಲದ ನಡುವಿಡಿ. ಬೈಕಿನ ಇಂಜಿನ್ ಪಕ್ಕ ನೇತುಹಾಕಬೇಡಿ.

ಕಾಯಿಸಿ ಆರಿಸುವ ಕ್ರಮ

ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲು ತಂಪು ತಪ್ಪದೆ ಮನೆಗೆ ಬಂದಿದ್ದರೆ ಕಾಯಿಸಲೇಬೇಕೆಂದಿಲ್ಲ. ಆದರೆ ಕರೆಂಟ್ ಹೋಗಿಬರುವ ಊರಿನಲ್ಲಿ ತಂಪು ತಪ್ಪಿಲ್ಲ ಎಂದು ಹೇಳುವವರು ಯಾರು? ಕಾಯಿಸಿ. ಕರೆದ ಹಾಲಂತೂ ಕಾಯಿಸಲೇಬೇಕು.

1. ದಪ್ಪ ತಳದ ಸ್ಟೀಲ್ ಪಾತ್ರೆ ತೊಳೆದು, ತಳದಲ್ಲಿ ಎರಡು ಚಮಚ ನೀರು ಆಡಿಸಿ, ಆಮೇಲೆ ಹಾಲು ಸುರಿಯಿರಿ. ತಳ ಹಿಡಿಯುವುದು ಕಡಿಮೆಯಾಗುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಬೇಡ. ಲೋಹದ ಅಂಶ ಸೇರಿ ಕೊಬ್ಬಿಗೆ ಕಮಟು ಬರುತ್ತದೆ.

2. ಹಾಲು ಉಕ್ಕಿದರೆ ಕಾದಿತು ಎಂದು ಕೂಡಲೇ ಇಳಿಸಬೇಡಿ. ಮೇಲಿನ ಕೆನೆಯ ಪೊರೆ ಆವಿಯನ್ನು ತಡೆದು ಎತ್ತುವುದೇ ಉಕ್ಕು. ಸೌಟಿನಿಂದ ಪೊರೆ ಒಡೆದು, ಉರಿ ತಗ್ಗಿಸಿ, ಕೈಯಾಡಿಸುತ್ತ ಎರಡು ಮೂರು ನಿಮಿಷ ಕುದಿಸಿ. ಹತ್ತು ನಿಮಿಷ ಕುದಿಸಿದರೆ ಹೆಚ್ಚಿನ ಲಾಭವೇನೂ ಇಲ್ಲ, ಹಾಲು ಕಂದುಬಣ್ಣಕ್ಕೆ ತಿರುಗುತ್ತದಷ್ಟೇ.

3. ಇಲ್ಲಿಂದಲೇ ಹೆಚ್ಚಿನ ಮನೆಗಳಲ್ಲಿ ತಪ್ಪು ಶುರುವಾಗುವುದು. ಬಿಸಿ ಪಾತ್ರೆಯನ್ನು ಒಲೆಯ ಮೇಲೇ ಆರಲು ಬಿಟ್ಟರೆ 60ರಿಂದ 20 ಡಿಗ್ರಿಗೆ ಇಳಿಯಲು ಗಂಟೆಗಟ್ಟಲೆ ಹಿಡಿಯುತ್ತದೆ, ಮೊದಲು ಹೇಳಿದ ಬೀಜಕಣಗಳಿಗೆ ಅದೇ ಸುಗ್ಗಿ. ಅಗಲವಾದ ಬೋಗುಣಿಯಲ್ಲಿ ಬಾವಿ ನೀರು ತುಂಬಿ ಹಾಲಿನ ಪಾತ್ರೆಯನ್ನು ಅದರಲ್ಲಿ ಇಳಿಸಿ. ನೀರಿನ ಮಟ್ಟ ಹಾಲಿನ ಮಟ್ಟಕ್ಕೆ ಬರಬೇಕು, ಆದರೆ ಪಾತ್ರೆಯ ಬಾಯಿಗೆ ನೀರು ಹಾರಬಾರದು. ಶುಚಿಯಾದ ಸೌಟಿನಿಂದ ಆಗಾಗ ತಿರುವಿ. ನೀರು ಬೆಚ್ಚಗಾದ ಕೂಡಲೇ ಬದಲಿಸಿ, ಎರಡು ಮೂರು ಸಲ. ಒಂದು ಲೀಟರ್ ಹಾಲು ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ. ಬಾವಿಯ, ಝರಿಯ ನೀರು ತಣ್ಣಗಿರುವ ಈ ಜಿಲ್ಲೆಯಲ್ಲಿ ಹವೆಗಿಂತ ನೀರೇ ನಮ್ಮ ಕಡೆಗಿದೆ.

4. ಆರುವಾಗ ತೂತಿನ ಮುಚ್ಚಳ ಅಥವಾ ಜರಡಿ ಮುಚ್ಚಿ. ಬಿಗಿ ಮುಚ್ಚಳ ಹಾಕಿದರೆ ಅದರ ಒಳಮೈಯಲ್ಲಿ ಆವಿ ನೀರಾಗಿ ಹಾಲಿಗೇ ತೊಟ್ಟಿಕ್ಕುತ್ತದೆ, ಶಾಖವೂ ಒಳಗೇ ಉಳಿಯುತ್ತದೆ. ತಣ್ಣಗಾದ ಮೇಲೆ ಬಿಗಿ ಮುಚ್ಚಳ ಹಾಕಿ ಫ್ರಿಜ್ಜಿಗೆ.

ಹೋಂಸ್ಟೇ ನಡೆಸುವವರು, ಪುತ್ತರಿ ಹಬ್ಬಕ್ಕೆ, ಮದುವೆಗೆ ಹಾಲು ಕಾಯಿಸುವವರು ಹತ್ತು ಲೀಟರನ್ನು ಒಂದೇ ತಪ್ಪಲೆಯಲ್ಲಿ ಆರಲಿಟ್ಟರೆ ನಡುವಿನ ಹಾಲು ಅರ್ಧ ದಿನ ಬೆಚ್ಚಗೇ ಇರುತ್ತದೆ. ಎರಡೆರಡು ಲೀಟರಿನ ಅಗಲ ಪಾತ್ರೆಗಳಿಗೆ ಹಂಚಿ, ನೀರಿನಲ್ಲಿಡಿ.

ಫ್ರಿಜ್ಜಿನಲ್ಲಿ ಎಲ್ಲಿ, ಎಷ್ಟು ದಿನ

ಹಾಲನ್ನು ಬಾಗಿಲಿನ ಕಿಸೆಯಲ್ಲಿ ಇಡಬೇಡಿ. ಫ್ರಿಜ್ಜಿನಲ್ಲಿ ಅತಿ ಬೆಚ್ಚಗಿನ ಜಾಗ ಅದೇ, ತೆರೆದಾಗಲೆಲ್ಲ ಕೋಣೆಯ ಗಾಳಿ ಹೊಡೆಯುತ್ತದೆ. ಹಿಂಭಾಗದ ಗೋಡೆಗೆ ಹತ್ತಿರ ಇಡಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಅಲ್ಲಿಟ್ಟು ಬೆಳಗ್ಗೆ ನೋಡಿ. 4ರ ಹತ್ತಿರ ಇದ್ದರೆ ಸರಿ, 8 ಇದ್ದರೆ ಗುಂಡಿ ತಿರುಗಿಸಿ. ಕಾಯಿಸಿ ಬೇಗ ಆರಿಸಿದ ಹಾಲು 4 ಡಿಗ್ರಿಯಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಕತ್ತರಿಸಿ ಕಾಯಿಸದೆ ಇಟ್ಟ ಪ್ಯಾಕೆಟ್ ಎರಡು ದಿನ, ಅದನ್ನು ಪ್ಯಾಕೆಟ್‌ನಲ್ಲೇ ಬಿಡುವ ಬದಲು ಸ್ಟೀಲ್ ಡಬ್ಬಿಗೆ ಸುರಿದಿಡಿ.

ಹಾಲಿನ ಕೊಬ್ಬು ವಾಸನೆ ಹೀರುತ್ತದೆ. ಬೈಂಬಳೆ (ಎಳೆ ಬಿದಿರು), ಹಲಸಿನ ತೊಳೆ, ಮೀನು ಪಕ್ಕದಲ್ಲಿದ್ದರೆ ಬೆಳಗಿನ ಕಾಫಿಯಲ್ಲಿ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಶತ್ರು ಕಾಚಂಪುಳಿಯ ಸೌಟು. ಪಂದಿಕರಿಗೆ ಹಾಕುವ ಆ ಕಪ್ಪು ಹುಳಿ ಎಷ್ಟು ಗಟ್ಟಿ ಎಂದರೆ ಸೌಟಿನ ಹಿಡಿಯ ಸಂದಿಯಲ್ಲಿ ಉಳಿದ ಒಂದೆರಡು ಹನಿ ಒಂದು ಲೋಟ ಬಿಸಿ ಹಾಲಿನಲ್ಲಿ ಗರಣೆ ಎಬ್ಬಿಸಬಲ್ಲದು. ಹಾಲಿಗೆ ಬೇರೆಯೇ ಸೌಟು ಇರಲಿ. ನಿನ್ನೆಯ ಹಾಲಿನ ಮೇಲೆ ಇವತ್ತಿನ ಹಾಲು ಸುರಿಯುವ ಅಭ್ಯಾಸವನ್ನೂ ಬಿಡಿ, ಅದು ಹೊಸ ಹಾಲಿಗೆ ಹೆಪ್ಪು ಹಾಕಿದಂತೆ.

ಪಾತ್ರೆ ತೊಳೆಯುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಮತ್ತು ಸೋಪು. ಮೊದಲೇ ಬಿಸಿನೀರು ಹಾಕಿದರೆ ಪ್ರೋಟೀನು ಗೋಡೆಗೆ ಅಂಟಿಕೊಂಡು ಬೆಳ್ಳಗೆ ಕಲ್ಲಾಗುತ್ತದೆ. ಕೊನೆಗೆ ಕುದಿನೀರು ಸುರಿದು ಬೋರಲು ಹಾಕಿ. ಒದ್ದೆ ಅಡುಗೆಬಟ್ಟೆಯಲ್ಲಿ ಒರೆಸಬೇಡಿ.

ಕರೆಂಟ್ ಹೋದಾಗ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ತೋಟದ ಮನೆಗಳಿಗೆ ಎರಡು ದಿನ ಕರೆಂಟ್ ಇಲ್ಲದಿರುವುದು ಹೊಸತಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಜೂನ್‌ಗೆ ಮುಂಚೆಯೇ ನಾಲ್ಕು ಒಂದು ಲೀಟರಿನ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿಟ್ಟುಕೊಳ್ಳಿ, ಕರೆಂಟ್ ಹೋದ ಕೂಡಲೇ ಹಾಲಿನ ಡಬ್ಬಿಯ ಸುತ್ತ ಜೋಡಿಸಿ. ನಾಲ್ಕು ಗಂಟೆ ದಾಟಿದರೆ ಹಾಲನ್ನು ಹೊರತೆಗೆದು ಕಾಯಿಸಿ. ಆಮೇಲೆ ಆರು ಗಂಟೆಗೊಮ್ಮೆ ಕುದಿಸಿ, ನೀರಿನಲ್ಲಿ ಆರಿಸಿ ಮುಂದುವರಿಸಬಹುದು. ರುಚಿ ಕೆಡುತ್ತದೆ, ಹಾಲು ಉಳಿಯುತ್ತದೆ.

ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿ ಹಾಲಿಡುವ ಉಪಾಯ ಬಯಲುಸೀಮೆಯದು. ನೀರು ಆವಿಯಾದರೆ ಮಾತ್ರ ಅದು ತಂಪು ಕೊಡುತ್ತದೆ. ಗೋಡೆಯೇ ಬೆವರುವ ನಮ್ಮ ಜುಲೈ ತಿಂಗಳಲ್ಲಿ ಬಟ್ಟೆ ಒದ್ದೆಯಾಗಿಯೇ ಇರುತ್ತದೆ, ಹಾಲು ತಣ್ಣಗಾಗುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಬೇಕಾದರೆ ಮಾಡಿ.

ಸೌದೆ ಒಲೆ ಇರುವ ಮನೆಗಳಲ್ಲಿ ಬೂದಿ ಮುಚ್ಚಿದ ಕೆಂಡದ ಮೇಲೆ ಹಾಲಿಡುವ ಹಳೆಯ ಕ್ರಮ ಒಳ್ಳೆಯದೇ, ಹಾಲು 60 ಡಿಗ್ರಿಗಿಂತ ಮೇಲಿದ್ದರೆ. ಪಾತ್ರೆಯ ಹೊರಮೈಗೆ ಬೆರಳು ತಾಗಿಸಿದರೆ ತಟ್ಟನೆ ಕಿತ್ತುಕೊಳ್ಳುವಷ್ಟು ಬಿಸಿ ಇರಬೇಕು. ಬೆರಳು ಹಾಯಾಗಿ ನಿಂತರೆ ಕೆಂಡ ಸತ್ತಿದೆ, ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆಯ ತೊಟ್ಟಿಲು ಬೇರಿಲ್ಲ.

ಮಳೆಗಾಲದ ದಾಸ್ತಾನಿಗೆ ಗುಡ್‌ಲೈಫ್‌ನಂಥ ಯುಎಚ್‌ಟಿ ಹಾಲು ಕೆಲವು ಪ್ಯಾಕೆಟ್ ಇರಲಿ. 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡ್ ಕಾಯಿಸಿ ಮುಚ್ಚಿದ ಆ ಹಾಲಿಗೆ ಪ್ಯಾಕೆಟ್ ತೆರೆಯುವ ತನಕ ಫ್ರಿಜ್ ಬೇಡ. ತೆರೆದ ಮೇಲೆ ಅದೂ ಮಾಮೂಲಿ ಹಾಲೇ. ಹಾಲಿನ ಪುಡಿಯಾದರೆ ಬಿಗಿ ಡಬ್ಬಿಯಲ್ಲಿಡಿ, ಇಲ್ಲಿನ ತೇವಕ್ಕೆ ಒಂದು ವಾರದಲ್ಲಿ ಕಲ್ಲಾಗುತ್ತದೆ.

ಕೆಟ್ಟಿದೆಯೇ ಎಂದು ನೋಡುವುದು

ಪೂರ್ತಿ ಪಾತ್ರೆ ಒಲೆಗಿಡುವ ಮುನ್ನ ಒಂದು ಸೌಟು ಹಾಲನ್ನು ಬೇರೆ ಸಣ್ಣ ಪಾತ್ರೆಯಲ್ಲಿ ಕುದಿಸಿ. ಅಂಚಿನಲ್ಲಿ ಸಣ್ಣ ಕಾಳು ಕಂಡರೆ ಉಳಿದದ್ದನ್ನು ಕಾಫಿಗೆ ಬಳಸುವ ಆಸೆ ಬಿಡಿ. ಕಾಫಿ ಡಿಕಾಕ್ಷನ್ ತಾನೇ ಹುಳಿ. ಆದ್ದರಿಂದ ಅಂಚಿಗೆ ಬಂದ ಹಾಲು ಬಿಸಿಗೆ ತಡೆದರೂ ಡಿಕಾಕ್ಷನ್ ಬಿದ್ದಾಗ ಒಡೆಯುತ್ತದೆ.

ಒಡೆದದ್ದೆಲ್ಲ ಕೆಟ್ಟ ಹಾಲಲ್ಲ ಎಂಬುದೂ ಗೊತ್ತಿರಲಿ. ಹಸಿ ಶುಂಠಿಯಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವವಿದೆ, ಶುಂಠಿ ಚಹಾಕ್ಕೆ ಶುಂಠಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿದ ಮೇಲೆಯೇ ಹಾಲು ಹಾಕಬೇಕು. ಬೆಲ್ಲವನ್ನು ಹಾಲಿನೊಂದಿಗೆ ಕುದಿಸಬಾರದು, ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಸೇರಿಸಬೇಕು. ಕರು ಹಾಕಿದ ಮೊದಲ ದಿನಗಳ ಹಾಲು ಬಿಸಿಗೆ ಗಟ್ಟಿಯಾಗುವುದು ಸಹಜ, ಅದು ಗಿಣ್ಣು.

ಒಡೆಯದಿರಲಿ ಎಂದು ಚಿಟಿಕೆ ಅಡುಗೆ ಸೋಡಾ ಹಾಕುವವರಿದ್ದಾರೆ. ಸೋಡಾ ಹುಳಿಯನ್ನು ಮರೆಮಾಚುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಇರುತ್ತದೆ. ಮಾರುವ ಹಾಲಿಗೆ ಹಾಕಿದರೆ ಅದು ಕಲಬೆರಕೆ, ಡೇರಿಯಲ್ಲಿ ಪರೀಕ್ಷೆಗೆ ಸಿಕ್ಕಿಬೀಳುತ್ತದೆ.

ಕಹಿ, ಲೋಳೆ ಎಳೆ, ಗುಲಾಬಿ ಅಥವಾ ಹಸಿರು ಛಾಯೆ, ಕೊಳೆತ ವಾಸನೆ: ಇವುಗಳಲ್ಲಿ ಯಾವುದಿದ್ದರೂ ಚೆಲ್ಲಿ, ನಾಯಿಗೂ ಹಾಕಬೇಡಿ. ಆದರೆ ಇವತ್ತಿನ ಹಾಲೇ, ವಾಸನೆ ಶುದ್ಧವಾಗಿದೆ, ಕಾಯಿಸುವಾಗ ಮಾತ್ರ ಒಡೆಯಿತು ಎಂದಾದರೆ ಅಲ್ಲೇ ಪೂರ್ತಿ ಕುದಿಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ ಒಡೆತ ಮುಗಿಸಿ, ಬಟ್ಟೆಯಲ್ಲಿ ಸೋಸಿ ತಣ್ಣೀರಿನಲ್ಲಿ ಒಮ್ಮೆ ತೊಳೆದು ಕಟ್ಟಿಡಿ. ಒಂದು ಗಂಟೆಗೆ ಪನೀರ್ ಸಿದ್ಧ, ಅವತ್ತೇ ಬಳಸಿ. ಕೆಳಗಿಳಿದ ನೀರನ್ನು ರೊಟ್ಟಿಗೆ ಅಕ್ಕಿಹಿಟ್ಟು ಕಲಸಲು ಬಳಸಬಹುದು, ಉಪ್ಪು ಮಾತ್ರ ಕೊಂಚ ಕಡಿಮೆ ಹಾಕಿ.